ಒಂದೇ ಸಲ ಕೇಳಿದಳು

ಬಹ್ಮನ್ ೧೭, ಬುಧವಾರ
ಶೆಮ್ಶಕ್

ಹಿಮದ ಬೆಟ್ಟದ ಈ ಊರಿಗೆ ಬಂದು ತಲುಪಿದೆವು. ಸೊಂಟ ನನ್ನದು ಅನ್ನಿಸುತ್ತಿಲ್ಲ. ತೆಹರಾನಿನಿಂದ ಇಲ್ಲಿಯವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದೆ. ಒಂದು ಪಕ್ಕ ಮಗುವಿನ ಕುರ್ಚಿ, ಇನ್ನೊಂದು ಪಕ್ಕ ಅಕ್ಕಿ ಚೀಲ, ತೊಡೆಯ ಮೇಲೆ ಪಾತ್ರೆಗಳ ಬುಟ್ಟಿ.

ಹೊರಡುವಾಗ, ನನ್ನನ್ನು ಮಾಮಾನ್ ಅಂದರೆ ಅಮ್ಮ ಎಂದೇ ಕರೆಯುವ ಸೊಸೆ ಶೀವಾ, "ಮಾಮಾನ್, ನೀವು ಮುಂದೆ ಕೂತ್ಕೊಳ್ಳಿ" ಅಂದಳು.

"ಅಯ್ಯೋ ಬೇಡಮ್ಮ, ನೀನು ಕೂತ್ಕೋ. ನಂಗೆ ಹಿಂದೇನೇ ಆರಾಮ" ಅಂದೆ.

"ಸರಿ" ಅಂದು ಕೂತೇಬಿಟ್ಟಳು! ಒಂದೇ ಸಲ ಕೇಳಿದಳು. ಮನುಷ್ಯರು ಮೂರು ಸಲ ಕೇಳುತ್ತಾರೆ. ಮೊದಲ ಸಲಕ್ಕೆ ಬೇಡ ಅನ್ನಬೇಕು, ಎರಡನೆಯ ಸಲಕ್ಕೆ ಅಯ್ಯೋ ಖಂಡಿತ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ನಿಮ್ಮ ಮಾತು ಮೀರೋಕಾಗುತ್ತಾ ಅಂತ ಹೇಳಿ ಮುಂದಿನ ಸೀಟಿನಲ್ಲಿ ಕೂರಬೇಕು. ಇಷ್ಟೂ ತಿಳಿಯದ ಹುಡುಗಿಯನ್ನು ನನ್ನ ಮಗ ಎಲ್ಲಿಂದ ಹುಡುಕಿದನೋ.

ಮದುವೆಗೆ ಮೊದಲೇ ಅವಳು ಹೇಳಿದ್ದಳು: "ಮಾಮಾನ್, ನಮ್ಮಿಬ್ಬರ ಮಧ್ಯೆ ಈ ಉಪಚಾರದ ಮಾತೆಲ್ಲ ಬೇಡ. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ." "ಎಷ್ಟು ಚೆನ್ನಾಗಿ ಹೇಳಿದೆ ಕಣೇ!" ಎಂದು ನಾನು ಅವಳ ಕೆನ್ನೆಗೆ ಮುತ್ತು ಕೊಟ್ಟಿದ್ದೆ. ಅದನ್ನು ನಾನು ಹೇಳಿದ್ದು ಉಪಚಾರಕ್ಕೆ. ಹುಡುಗಿ ನಂಬಿಬಿಟ್ಟಳು.

ಆದರೆ ನಿಜವಾದ ಹೊಟ್ಟೆಯುರಿ ಅದಲ್ಲ. ಎರಡು ವರ್ಷದ ಮೊಮ್ಮಗಳು ದೋರ್ಸಾಳನ್ನು ನೋಡಿಕೊಳ್ಳಲು ನನ್ನ ಮಗ ಬೆಹ್ರಂಗ್ ಒಬ್ಬ ಆಯಾಳನ್ನು ಗೊತ್ತು ಮಾಡಿದ್ದ. ಹುಡುಗಿ ನಮ್ಮ ಜೊತೆಗೇ ಬರುವವಳಿದ್ದಳು. ಕಳೆದ ವಾರ ಊಟಕ್ಕೆ ಬಂದಾಗ ಆ ವಿಷಯ ತೆಗೆದ. "ನಾನಿರುವಾಗ ಆಯಾ ಯಾಕೋ? ಮೊಮ್ಮಗಳನ್ನ ನೋಡ್ಕೊಳ್ಳೋಕೆ ನಂಗೆ ಕೈಕಾಲು ಬಿದ್ದು ಹೋಗಿದ್ಯಾ?" ಅಂದೆ. ಅನ್ನಲೇಬೇಕಲ್ಲ, ಅಜ್ಜಿಯಾದವಳು ಬೇರೆ ಏನು ಅನ್ನುತ್ತಾಳೆ? ಅವನು ಫೋನು ತೆಗೆದು, ನನ್ನ ಕಣ್ಣೆದುರೇ, ನಾನು ಅನ್ನ ಬಡಿಸುತ್ತಿರುವಾಗಲೇ, ಬರಬೇಡ ಎಂದು ಆ ಹುಡುಗಿಗೆ ಹೇಳಿಬಿಟ್ಟ. ಇನ್ನೂ ಎರಡು ಸಲ ಕೇಳುವುದು ಬಾಕಿಯಿತ್ತು!

"ಮಾಮಾನ್, ನಿಮಗೆ ಸ್ಕೀ ಮಾಡಬೇಕು ಅನ್ಸಲ್ವಾ?" ಎಂದೂ ಶೀವಾ ಕೇಳಿದಳು. ಅದನ್ನೂ ಒಂದೇ ಸಲ. "ಈ ವಯಸ್ಸಲ್ಲಿ ನಂಗ್ಯಾಕಮ್ಮ ಸ್ಕೀ" ಅಂದೆ.

ಹರೆಯದಲ್ಲಿ ಹಾಕಿಕೊಂಡು ಬೆಟ್ಟ ಇಳಿಯುತ್ತಿದ್ದ ನನ್ನ ಸ್ಕೀ ಬೂಟು ಅಕ್ಕಿ ಚೀಲದ ಕೆಳಗಿದೆ, ಹಳೆಯ ಮೇಜುಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಯಾರಿಗೂ ಗೊತ್ತಿಲ್ಲ. ಬರುವ ತಿಂಗಳು, ಇಸ್ಫಂದ್ ಕೊನೆಗೆ, ನನ್ನ ಮೊಣಕಾಲಿನ ಆಪರೇಷನ್. ಅದು ಎಲ್ಲರಿಗೂ ಗೊತ್ತು. ಆಪರೇಷನ್ ಆದಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಸ್ಕೀ ಮಾತ್ರ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಗೊತ್ತು. "ಅದಕ್ಕೆ ಮೊದಲು?" ಎಂದು ಕೇಳಿದ್ದೆ. ಅವರು ನನ್ನ ಮುಖ ನೋಡಿ, "ಒಂದು ಸಲ. ನಿಧಾನವಾಗಿ. ಬೀಳದೆ" ಅಂದರು.

ಆ ಒಂದು ಸಲಕ್ಕೆ ನಾನು ಇಲ್ಲಿಗೆ ಬಂದಿರುವುದು. ತುದಿಯಿಂದ ಬುಡದವರೆಗೆ ಒಂದೇ ಒಂದು ಸಲ. ಮಂಗಳವಾರ ವಾಪಸು ಹೊರಡುತ್ತೇವೆ. ಅಷ್ಟರೊಳಗೆ ಒಂದು ಹೊತ್ತು ಮಗುವನ್ನು ಯಾರಾದರೂ ಹಿಡಿದುಕೊಂಡರೆ ಸಾಕು.

ನನ್ನ ಯಜಮಾನರು ತೆಹರಾನಿನಲ್ಲೇ ಉಳಿದರು. ಹಿಮ ನೋಡಬೇಕು ಅನ್ನಿಸಿದರೆ ಫ್ರಿಜ್ಜಿನ ಬಾಗಿಲು ತೆಗೆಯುತ್ತಾರಂತೆ.

ಬಹ್ಮನ್ ೧೮, ಗುರುವಾರ

ಮಗು ಮಲಗಿದೆ. ಬರೆಯಲು ಇದೊಂದೇ ಹೊತ್ತು.

ಈ ಮನೆಯ ಕಿಟಕಿಯಿಂದ ಇಳಿಜಾರು ಪೂರ್ತಿ ಕಾಣುತ್ತದೆ. ಕಾಣದಿದ್ದರೇ ಚೆನ್ನಾಗಿತ್ತು. ಬೆಳಿಗ್ಗೆಯಿಡೀ ದೋರ್ಸಾಳನ್ನು ಸೊಂಟದ ಮೇಲಿಟ್ಟುಕೊಂಡು ನೋಡುತ್ತ ನಿಂತಿದ್ದೆ. ಶೀವಾಳ ಕೆಂಪು ಜಾಕೀಟು ದೂರಕ್ಕೂ ಗೊತ್ತಾಗುತ್ತದೆ. ಹುಡುಗಿಗೆ ಧೈರ್ಯವಿದೆ, ಆದರೆ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಾಳೆ. "ಮೊಣಕಾಲು ಬಗ್ಸೇ! ಬಗ್ಸೇ!" ಎಂದು ಗಾಜಿನೊಳಗಿಂದಲೇ ಕೂಗಿದೆ. ದೋರ್ಸಾ ಗಾಜಿಗೆ ಕೈ ಬಡಿದು, "ಬಗ್ಸೇ!" ಎಂದಳು. ಅವಳಮ್ಮ ಅಲ್ಲಿ ಬಿದ್ದಳು. ಇಬ್ಬರೂ ನಕ್ಕೆವು, ದೇವರು ಕ್ಷಮಿಸಲಿ.

ಈ ಮಗುವಿಗೆ ಸ್ವಂತವಾಗಿ ಬರುವುದೇ ಮೂರು ಮಾತು. "ಬೇಡ", "ನಂಗೆ", ಮತ್ತೆ ನನ್ನನ್ನು ಕರೆಯುವ "ಮಾಮಾನೀ". ಮೊಟ್ಟೆ ಕೊಟ್ಟರೆ ಬೇಡ. ಟೋಪಿ ಹಾಕಿದರೆ ಬೇಡ. ನನ್ನ ಕನ್ನಡಕ ಕಂಡರೆ ನಂಗೆ. ಆರುನೂರು ಹುಡುಗಿಯರ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿದ್ದವಳು ನಾನು. ಇಷ್ಟು ಮೋಟು ಹುಡುಗಿಯ ಎದುರು ಮಾತು ನಡೆಯುತ್ತಿಲ್ಲ.

ಮಧ್ಯಾಹ್ನ ಮನೆಯೊಡತಿ ಮೊನೀರೆ ಖಾನುಮ್ ಮೇಲೆ ಬಂದರು. ಇದೇ ಊರಿನವರು, ಕೆಳಗಿನ ಮನೆಯಲ್ಲಿ ಇರುತ್ತಾರೆ. ಬಿಸಿ ರೊಟ್ಟಿ ತಂದಿದ್ದರು.

"ತೂರಾನ್ ಖಾನುಮ್, ಮಗೂನ ನನ್ನ ಹತ್ರ ಬಿಟ್ಟು ನೀವೂ ಒಂದ್ಸಲ ಮೇಲೆ ಹೋಗಿ ಬನ್ನಿ. ನನ್ನ ಮೊಮ್ಮಗಳು ಸೊಗೊಲ್ ಕೆಳಗೇ ಇದ್ದಾಳೆ. ಅವಳಮ್ಮ ಬೆಟ್ಟಕ್ಕೆ ಹತ್ತಿಸೋ ಲಿಫ್ಟಿನ ಟಿಕೆಟ್ ಕೊಡೋ ಕೆಲಸಕ್ಕೆ ಹೋಗ್ತಾಳೆ."

ಹೂಂ ಅನ್ನಲೇಬೇಕೆಂದಿದ್ದೆ. ಬಾಯಿ ಮಾತ್ರ ತನ್ನಷ್ಟಕ್ಕೆ ತಾನು ಮಾತಾಡಿತು. "ಛೆ ಛೆ, ನಿಮಗ್ಯಾಕೆ ತೊಂದ್ರೆ."

"ತೊಂದ್ರೆ ಏನ್ ಬಂತು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

"ಅಯ್ಯೋ ಖಂಡಿತ ಬೇಡ, ಇವಳು ಬಲು ತುಂಟಿ."

"ಇರ್ಲಿ ಬಿಡಿ, ಸೊಗೊಲ್ ಏನ್ ಸನ್ಯಾಸಿನಿಯಾ?"

"ನೀವು ಅಷ್ಟಂದಿದ್ದೇ ಸಾಕು, ಇಟ್ಕೊಂಡಷ್ಟೇ ಆಯ್ತು."

"ನಿಮ್ಮಿಷ್ಟ" ಎಂದು ಅವರು ಇಳಿದು ಹೋದರು. ಸಂಸ್ಕಾರವಂತ ಹೆಂಗಸು. ಮೂರು ಸಲ ಕೇಳಿದರು. ಸ್ವಂತದವರಾಗಿದ್ದರೆ ಮೂರನೆಯದಕ್ಕೆ ಒಪ್ಪಬಹುದಿತ್ತು. ಹೊರಗಿನವರಿಗೆ ಮೂರು ಸಾಲದು, ನಾಲ್ಕನೆಯ ಸಲ ಕೇಳಿದರೆ ನಿಜವೆಂದು ತಿಳಿಯಬೇಕು. ಬಾಯಿಮಾತಿಗೆ ಕರೆದರೆಂದು ಮಗುವನ್ನು ಎತ್ತಿಕೊಂಡು ಹೋಗಿ ಮಡಿಲಿಗೆ ಹಾಕಿಬಿಟ್ಟರೆ ನನ್ನ ಬಗ್ಗೆ ಏನಂದುಕೊಂಡಾರು?

ದೋರ್ಸಾ ಎದ್ದಳು. ಸಾಕು.

ಬಹ್ಮನ್ ೧೯, ಶುಕ್ರವಾರ

ಸ್ಕೀ ಶಾಲೆಯವರು ಮಕ್ಕಳಿಗೆಂದು ಹಿಮದ ಅಂಗಳ ಮಾಡಿದ್ದಾರೆ. ಬೇಲಿ ಹಾಕಿ, ಬಣ್ಣದ ಬಲೂನು ಕಟ್ಟಿ, ಒಳಗೆ ಇಬ್ಬರು ಟೀಚರುಗಳು. ನಾಲ್ಕು ವರ್ಷ ತುಂಬಿರಬೇಕಂತೆ. ನನ್ನ ಮೊಮ್ಮಗಳು ವಯಸ್ಸಿಗೆ ಮೀರಿ ಎತ್ತರವಾಗಿದ್ದಾಳೆ ಎಂದು ನನಗೆ ಇವತ್ತು ಇದ್ದಕ್ಕಿದ್ದಂತೆ ಅನ್ನಿಸಿತು.

ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. "ಎಷ್ಟು ವರ್ಷ ಅಂತ ಕೇಳಿದ್ರೆ ನಾಲ್ಕು ಅನ್ಬೇಕು ಪುಟ್ಟಾ. ಹೇಳು, ನಾಲ್ಕು."

"ಬೇಡ."

"ನಾಲ್ಕು ಅಂದ್ರೆ ಪಿಸ್ತಾ ಕೊಡ್ತೀನಿ."

"ನಂಗೆ!"

ಪಿಸ್ತಾ ತಿಂದಳು. ಬೇಲಿಯ ಹತ್ತಿರ ಟೀಚರು ಬಗ್ಗಿ, "ಎಷ್ಟು ವರ್ಷ ನಿಂಗೆ ಚಿನ್ನಾ?" ಎಂದಳು. ದೋರ್ಸಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಹಿಮದಲ್ಲಿ ಧೊಪ್ಪನೆ ಕೂತು, ಪ್ಯಾಂಟಿನೊಳಗೇ ಎಲ್ಲ ಮುಗಿಸಿದಳು.

"ಡೈಪರ್ ಬಿಟ್ಟ ಮೇಲೆ ಕರ್ಕೊಂಡ್ ಬನ್ನಿ ಖಾನುಮ್" ಎಂದಳು ಟೀಚರು, ತುಂಬ ಮರ್ಯಾದೆಯಿಂದ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದವಳು ಬಾಲ ಮುದುರಿಕೊಂಡು ಮನೆಗೆ ಬಂದೆ.

ಬಹ್ಮನ್ ೨೦, ಶನಿವಾರ

ಗಾಳಿ. ಲಿಫ್ಟುಗಳು ನಿಂತಿವೆ. ಎಲ್ಲರೂ ಮನೆಯಲ್ಲೇ. ಒಂದು ದಿನ ಹೋಯಿತು.

ಬೆಳಿಗ್ಗೆ ಬದನೆಕಾಯಿ ಹುರಿಯುತ್ತಿದ್ದೆ. ಶೀವಾ ಬಂದು, "ಮಾಮಾನ್, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ" ಅಂದಳು. "ಇರ್ಲಿ ಬಿಡಮ್ಮ" ಅಂದೆ. ಹೋಗಿ ಸೋಫಾದ ಮೇಲೆ ಕೂತಳು. ಇಡೀ ಮಧ್ಯಾಹ್ನ ಮುಖ ಊದಿಸಿಕೊಂಡಿದ್ದೆ. ಗಂಡ ಹೆಂಡತಿ ಇಬ್ಬರಿಗೂ ಅದು ಗೊತ್ತೇ ಆಗಲಿಲ್ಲ. ಬೆಹ್ರಂಗ್ ಎರಡನೆಯ ಸಲ ಬಡಿಸಿಕೊಂಡು, "ಮಾಮಾನ್ ಈ ಸಲ ಎಷ್ಟು ಖುಷಿಯಾಗಿದ್ದಾರೆ ನೋಡು" ಎಂದು ಶೀವಾಳಿಗೆ ಹೇಳಿದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ!

ದೋರ್ಸಾಳ ಬಾಯಿಗೆ ಅವಳಪ್ಪ ಚಮಚ ಹಿಡಿದ. "ಬೇಡ" ಎಂದು ಮುಖ ತಿರುಗಿಸಿದಳು. ಅವನು ಚಮಚವನ್ನು ತನ್ನ ಬಾಯಿಗೆ ಹಾಕಿಕೊಂಡ. ಅಷ್ಟೇ. ಯಾರಿಗೂ ಬೇಜಾರಾಗಲಿಲ್ಲ. ನಾನು ಅದನ್ನೇ ನೋಡುತ್ತ ಕೂತುಬಿಟ್ಟಿದ್ದೆ, ಯಾಕೋ ಗೊತ್ತಿಲ್ಲ.

ಊಟವಾದ ಮೇಲೆ ನೋಡಿದರೆ ಮಗು ಇಲ್ಲ! ಕೋಣೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಬಾಗಿಲು ತೆರೆದಿತ್ತು. ಕೂಗಿಕೊಳ್ಳುತ್ತ ಮೆಟ್ಟಿಲಿಳಿದೆ, ಮೊಣಕಾಲಿನ ಪರಿವೆಯೂ ಇರಲಿಲ್ಲ. ಕೆಳಗಿನ ಮನೆಯಲ್ಲಿ, ಕಾಲು ಬೆಚ್ಚಗಿಡುವ ಕೊರ್ಸಿ ಮೇಜಿನ ದಪ್ಪ ರಜಾಯಿಯೊಳಗೆ, ಕುತ್ತಿಗೆಯವರೆಗೆ ಹುದುಗಿಕೊಂಡು ಎರಡು ಮಕ್ಕಳು. ಒಂದು ಸೊಗೊಲ್, ಒಂದು ನಮ್ಮದು. ಇಬ್ಬರೂ ಒಂದೇ ತಟ್ಟೆಯಿಂದ ಬೀನ್ಸ್ ಅನ್ನ ತಿನ್ನುತ್ತಿದ್ದರು.

"ತಾನೇ ಬಾಗಿಲು ಬಡಿದು ಬಂದ್ಳು" ಎಂದರು ಮೊನೀರೆ ಖಾನುಮ್. "ಬಂದೋಳೆ ನೇರವಾಗಿ ತಟ್ಟೆ ತೋರ್ಸಿ 'ನಂಗೆ' ಅಂದ್ಳು. ಎಷ್ಟು ಒಳ್ಳೆ ಮಗು! ಅವತ್ತು ನಾನು ನಿಜವಾಗ್ಲೂ ಕೇಳಿದ್ದೆ ತೂರಾನ್ ಖಾನುಮ್. ಸೊಗೊಲ್ ಒಬ್ಬಳೇ ಇದ್ರೆ ನನ್ನ ತಲೆ ತಿಂತಾಳೆ. ಇಬ್ರಿದ್ರೆ ಒಬ್ಬರ ತಲೆ ಒಬ್ಬರು ತಿಂತಾರೆ, ನಾನು ನನ್ನ ಕೆಲಸ ನೋಡ್ಕೋಬಹುದು. ನೀವು ಮೂರು ಸಲವೂ ಬೇಡ ಅಂದ್ರಿ. ನಮ್ಮನೆ ನಿಮಗೆ ಸರಿಬೀಳ್ಲಿಲ್ಲ ಅಂದ್ಕೊಂಡೆ."

"ಏನ್ ಮಾತೂಂತ ಆಡ್ತೀರಿ, ನಿಮ್ಮನೆ ಅರಮನೆ!" ಅಂದೆ. ಅಂದು ಕಾದೆ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ರಜಾಯಿಯ ಅಂಚು ಹಿಡಿದು ನಿಂತೇ ಇದ್ದೆ. ಅವರು ಕೇಳಲಿಲ್ಲ. ಹೇಗೆ ಕೇಳಿಯಾರು? ಮೂರು ಸಲ ಬೇಡ ಅನ್ನಿಸಿಕೊಂಡವರು ಮತ್ತೆ ಕೇಳಿದರೆ ದುಂಬಾಲು ಬಿದ್ದ ಹಾಗಾಗುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ.

ಈಗ ನಾನೇ ಕೇಳಬೇಕು.

ಬಹ್ಮನ್ ೨೧, ಭಾನುವಾರ

ಗಾಳಿ ನಿಂತಿದೆ. ಕೇಸರಿ ಹಾಕಿ ಅಕ್ಕಿ ಪಾಯಸ ಮಾಡಿ, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ, ಮೊನೀರೆ ಖಾನುಮ್ ಮನೆಗೆ ಒಯ್ದೆ. ಅವರ ಆರೋಗ್ಯ ಕೇಳಿದೆ. ಮಗಳ ಆರೋಗ್ಯ ಕೇಳಿದೆ. ಅಳಿಯನ ತಾಯಿಯ ಆರೋಗ್ಯವನ್ನೂ ಕೇಳಿದೆ, ಆಕೆಯನ್ನು ನಾನು ಕಂಡೇ ಇಲ್ಲ. ಚಹಾ ಕುಡಿದೆ. ಇನ್ನೊಂದು ಲೋಟ ಕುಡಿದೆ. ಎದ್ದು ಬಂದೆ.

ಕೇಳಲಿಲ್ಲ.

ಇನ್ನು ಒಂದೇ ದಿನ.

ಬಹ್ಮನ್ ೨೨, ಸೋಮವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಈಗಲೇ ಬರೆಯಬೇಕು.

ಬೆಳಿಗ್ಗೆ ಮಗ, ಸೊಸೆ ಸ್ಕೀಗೆ ಹೊರಟು ಹೋದರು. ನಾನು ತಟ್ಟೆ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ದೋರ್ಸಾ ಬಾಗಿಲಲ್ಲಿ ನಿಂತಿದ್ದಾಳೆ, ಬಲಗಾಲಿನ ಶೂ ಎಡಗಾಲಿಗೆ, ಎಡಗಾಲಿನದು ಬಲಗಾಲಿಗೆ. "ನಂಗೆ ಸೊಗೊಲ್" ಅಂದಳು. ಹೊಸ ಮಾತು! "ಆಮೇಲೆ ಹೋಗೋಣ" ಅಂದೆ. "ನಂಗೆ ಸೊಗೊಲ್." ಅಳಲಿಲ್ಲ, ಕಿರುಚಲಿಲ್ಲ. ತನಗೆ ಬೇಕಾದ್ದನ್ನು ಹೇಳಿ ನಿಂತಳು.

ಎತ್ತಿಕೊಂಡು ಕೆಳಗಿಳಿದೆ. ಮೊನೀರೆ ಖಾನುಮ್ ಬಾಗಿಲು ತೆಗೆದರು. ದೋರ್ಸಾ, "ನಂಗೆ ಸೊಗೊಲ್!" ಎಂದು ಕೈ ಚಾಚಿದಳು. ಅವಳ ಬೆನ್ನಿಗೇ ನನ್ನ ಬಾಯಿಂದ ಬಂತು, "ನಂಗೆ ಸ್ಕೀ ಮಾಡ್ಬೇಕು. ಇವಳನ್ನ ಇಟ್ಕೋತೀರಾ?"

ಚೆನ್ನಾಗಿದ್ದೀರಾ ಎಂದೂ ಕೇಳಿರಲಿಲ್ಲ! ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಮೊನೀರೆ ಖಾನುಮ್ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಮನಸ್ಸು ಬದಲಾಯಿಸೋ ಮುಂಚೆ ಓಡಿ. ಸಾಯಂಕಾಲದ ತನಕ ಈ ಕಡೆ ತಲೆ ಹಾಕಬೇಡಿ" ಎಂದು ಬಾಗಿಲು ಹಾಕಿಯೇಬಿಟ್ಟರು. ಒಳಗೆ ಎರಡು ಮಕ್ಕಳೂ ಕೇಕೆ ಹಾಕುವುದು ಕೇಳಿಸಿತು. ನನಗೆ ಯಾರೂ ಟಾಟಾ ಕೂಡ ಮಾಡಲಿಲ್ಲ.

ಅಕ್ಕಿ ಚೀಲ ಎತ್ತಿ ಬೂಟು ತೆಗೆದೆ. ಸ್ಕೀ ಹಲಗೆ ಬಾಡಿಗೆಗೆ ತೆಗೆದುಕೊಂಡರಾಯಿತು ಎಂದು ಲಿಫ್ಟಿನ ಬುಡಕ್ಕೆ ಹೋದೆ. ಬೆಹ್ರಂಗ್, ಶೀವಾ ಇಬ್ಬರೂ ಅಲ್ಲೇ ಇದ್ದರು. ಬೆಹ್ರಂಗ್ ನನ್ನನ್ನು ಕಂಡು ಬಿಳಿಚಿಕೊಂಡ. "ಮಾಮಾನ್! ಮಗು ಎಲ್ಲಿ?"

"ಕೆಳಗಿನ ಮನೇಲಿ. ನಾನು ಮೇಲೆ ಹೋಗ್ಬೇಕು."

"ಎಲ್ಲಿಯ ಮೇಲೆ?"

ಬೆಟ್ಟದ ತುದಿ ತೋರಿಸಿದೆ. ಬೆಂಚಿನ ಮೇಲೆ ಕೂತು ನನ್ನ ಶೂ ಬಿಚ್ಚಿ ಬೂಟಿನೊಳಗೆ ಕಾಲಿಟ್ಟೆ. ಕೊಂಡಿ ಹಾಕಿದೆ. ಎದ್ದು ನಿಂತೆ. ಕಟಕ್ ಎಂದಿತು. ಬೂಟಿನ ಪಕ್ಕದಿಂದ ಅಂಗೈಯಗಲದ ಚೂರು ಉದುರಿತು. ಆಮೇಲೆ ಇನ್ನೊಂದು. ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ಕು ಒಣ ರೊಟ್ಟಿಯ ಹಾಗೆ ಮುರಿದು ಹಿಮದ ತುಂಬ ಚೆಲ್ಲಿತು.

ಅಷ್ಟು ಜನರ ಎದುರು ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಡಾಕ್ಟರು ಹೇಳಿದ್ದನ್ನು, ಇದೇ ಕೊನೆಯ ಸಲ ಎನ್ನುವುದನ್ನು, ಮೂಗು ಒರೆಸಿಕೊಳ್ಳುತ್ತ ಅಲ್ಲೇ ಹೇಳಿದೆ. ಬೆಹ್ರಂಗ್ ಬಾಡಿಗೆ ಅಂಗಡಿಗೆ ಓಡಿಹೋಗಿ, ಬರಿಗೈಯಲ್ಲಿ ಬಂದ. ರಜೆಯ ಜನ ನನ್ನ ಅಳತೆಯ ಬೂಟುಗಳನ್ನೆಲ್ಲ ಒಯ್ದಿದ್ದರು.

"ಯಾಕ್ ಮಾಮಾನ್ ಮೊದಲೇ ಹೇಳ್ಲಿಲ್ಲ? ಕೇಳಿದ್ವಲ್ಲ?" ಅಂದ.

"ಒಂದೇ ಸಲ ಕೇಳಿದ್ರಿ" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಶೀವಾ ಕೆಂಪಗಾದಳು. ತನ್ನ ಬೂಟಿನ ಕೊಂಡಿಗೆ ಕೈ ಹಾಕಿ, "ಮಾಮಾನ್, ನನ್ನದು ಹಾಕ್ಕೊಳ್ಳಿ. ನಮ್ಮಿಬ್ಬರದೂ ಒಂದೇ ಅಳತೆ. ನಂಗೆ ಹೇಗೂ ಸುಸ್ತಾಗಿದೆ" ಅಂದಳು.

ಸುಸ್ತೇ? ಕೆನ್ನೆ ದಾಳಿಂಬೆಯ ಹಾಗಿತ್ತು. ಇಡೀ ದಿನದ ಟಿಕೆಟ್ಟು ಆಗ ತಾನೇ ಜೇಬಿಗೆ ಹಾಕಿಕೊಂಡಿದ್ದಳು. ತುಟಿಯ ಮೇಲೆ ಒಂದು ನಗು ಅಂಟಿಸಿಕೊಂಡಿದ್ದಳು. ಆ ನಗು ನನಗೆ ಚೆನ್ನಾಗಿ ಗೊತ್ತು, ಇಡೀ ಜನ್ಮ ನಾನು ಅದನ್ನು ಹಾಕಿಕೊಂಡು ತಿರುಗಿದವಳು. ಈಗ ನಾನು ಬೇಡಮ್ಮ ಅನ್ನಬೇಕು, ಅವಳು ಇಲ್ಲ ಮಾಮಾನ್ ಅನ್ನಬೇಕು, ನಾನು ಖಂಡಿತ ಬೇಡ ಅನ್ನಬೇಕು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಕೊಡು" ಅಂದೆ.

ಕೊಂಡಿಯ ಮೇಲೆ ಅವಳ ಕೈ ನಿಂತುಬಿಟ್ಟಿತು. "ಈಗಲೇ?"

"ಈಗಲೇ. ಹಲಗೇನೂ ಕೊಡು."

ಬೆಹ್ರಂಗನ ಜೊತೆ ಲಿಫ್ಟಿನ ಕುರ್ಚಿಯಲ್ಲಿ ಕೂತು ಮೇಲೆ ಹೋಗುವಾಗ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದೆನೇನೋ.

ತುದಿಯಲ್ಲಿ ಗಾಳಿ ಮೂಗು ಕೊಯ್ಯುತ್ತಿತ್ತು. ಬಗ್ಗಿದೆ, ಹೊರಟೆ. ಮೊದಲ ತಿರುವಿನಲ್ಲಿ ಕಾಲು ನಡುಗಿತು. ಎರಡನೆಯದರಲ್ಲಿ ಅದಕ್ಕೆ ಎಲ್ಲ ನೆನಪಾಯಿತು. ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ! ಭಾರ ಈ ಕಡೆ, ಭಾರ ಆ ಕಡೆ, ಹಲಗೆಯ ಕೆಳಗೆ ಹಿಮ ಸರ್ರೆನ್ನುತ್ತಿತ್ತು. ಹಿಂದಿನಿಂದ ಬೆಹ್ರಂಗ್, "ನಿಧಾನ ಮಾಮಾನ್, ನಿಧಾನ!" ಎಂದು ಕೂಗುತ್ತ ಬರುತ್ತಿದ್ದ. ಅವನ ದನಿ ದೂರವಾಗುತ್ತ ಹೋಯಿತು. ನಿಧಾನ ಎಂದು ಡಾಕ್ಟರೂ ಹೇಳಿದ್ದರು. ಬೀಳಲಿಲ್ಲ, ಅಷ್ಟು ಸಾಕು. ಒಬ್ಬಳೇ ಜೋರಾಗಿ ಹಾಡಿಕೊಂಡೆ, ಯಾವ ಹಾಡೋ ನೆನಪಿಲ್ಲ. ಎಷ್ಟು ಸುಖವಾಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಸುಖವಾಗಿತ್ತು.

ಬುಡದಲ್ಲಿ ಶೀವಾ ನನ್ನ ಹಳೆಯ ಶೂ ಹಾಕಿಕೊಂಡು, ಬೆಂಚಿನ ಮೇಲೆ ಗುಬ್ಬಚ್ಚಿಯ ಹಾಗೆ ಮುದುರಿ ಕೂತಿದ್ದಳು. ಅವಳ ಮುಂದೆ ಗಕ್ಕನೆ ನಿಂತೆ.

"ಇನ್ನೊಂದ್ಸಲ ಹೋಗ್ಬರ್ಲಾ?"

"ಬೇಡ!" ಎಂದು ಕಾಲು ನೆಲಕ್ಕೆ ಬಡಿದಳು. "ಬೇಡ ಮಾಮಾನ್! ನನ್ನ ಬೂಟು ನಂಗೆ!"

ಥೇಟ್ ದೋರ್ಸಾ. ನನಗೆ ನಗು ತಡೆಯಲಾಗಲಿಲ್ಲ. ಅವಳೂ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ನಮ್ಮ ಮಧ್ಯೆ ಉಪಚಾರ ಬೇಡ ಅಂದವಳು ಯಾರೇ?"

"ನಾನೇ" ಎಂದಳು. "ಆದ್ರೆ ನೀವು ಬೇಡ ಅಂತೀರಾ ಅಂದ್ಕೊಂಡಿದ್ದೆ."

ಬೂಟು ಬಿಚ್ಚಿ ಕೊಟ್ಟೆ. ಹಾಕಿಕೊಳ್ಳುವಾಗ ಅವಳು ನನ್ನ ಹೆಗಲು ಹಿಡಿದುಕೊಂಡಿದ್ದಳು. "ಮೊಣಕಾಲು ಬಗ್ಸು, ಕಂಬದ ಥರ ನಿಲ್ಬೇಡ. ಮೂರು ದಿನ ಕಿಟಕೀಲಿ ನೋಡಿ ನೋಡಿ ಸಾಕಾಯ್ತು" ಅಂದೆ. ಬಗ್ಗಿಸಿದಳು. ಇಡೀ ಮಧ್ಯಾಹ್ನ ಬುಡದಲ್ಲಿ ಕೂತು ಅವಳಿಗೆ ಕೂಗಿ ಕೂಗಿ ಪಾಠ ಹೇಳಿದೆ. ಸಾಯಂಕಾಲದ ಹೊತ್ತಿಗೆ ಬೀಳದೆ ಇಳಿದಳು.

ಬಹ್ಮನ್ ೨೩, ಮಂಗಳವಾರ
ತೆಹರಾನ್

ಮನೆಗೆ ಬಂದೆವು. ಮೊಣಕಾಲು ಕುಂಬಳಕಾಯಿಯಾಗಿದೆ. ಯಜಮಾನರು ಬಟ್ಟೆಯಲ್ಲಿ ಐಸ್ ಕಟ್ಟಿ ಇಟ್ಟಿದ್ದಾರೆ. "ನಾನು ಹೇಳ್ಲಿಲ್ವಾ, ಹಿಮ ಎಲ್ಲಾ ಫ್ರಿಜ್ಜಲ್ಲೇ ಇದೆ ಅಂತ" ಅನ್ನುತ್ತಿದ್ದಾರೆ.

ಹೊರಡುವಾಗ ಮುರಿದ ಬೂಟುಗಳನ್ನು ಮಕ್ಕಳು ಬಿಡಲಿಲ್ಲ. ಸೊಗೊಲ್ ಒಂದರಲ್ಲಿ, ದೋರ್ಸಾ ಒಂದರಲ್ಲಿ ಹಿಮ ತುಂಬಿ ಗೊಂಬೆಗೆ ಊಟ ಬಡಿಸುತ್ತಿದ್ದರು. ಅಲ್ಲೇ ಬಿಟ್ಟು ಬಂದೆ. ಮೊನೀರೆ ಖಾನುಮ್ ದೋರ್ಸಾಳ ಎರಡೂ ಕೆನ್ನೆ ಹಿಂಡಿ, "ಮುಂದಿನ ವರ್ಷ ಇವಳನ್ನ ಕಳ್ಸಿ. ನೀವು ಬರದಿದ್ರೂ ನಡೆಯುತ್ತೆ" ಅಂದರು. ಬೆಟ್ಟದ ಜನರ ಮಾತು ಸ್ವಲ್ಪ ಒರಟು.

ಕಾರಿನ ಹತ್ತಿರ ಶೀವಾ, "ಮಾಮಾನ್, ನೀವು ಮುಂದೆ ಕೂತ್ಕೊಳ್ಳಿ" ಅಂದಳು. ಕೂತೆ. ಮಗುವಿನ ಕುರ್ಚಿಗೂ ಅಕ್ಕಿ ಚೀಲಕ್ಕೂ ನಡುವೆ ಅವಳು ಹೇಗೋ ತೂರಿಕೊಂಡಳು. ಪಾತ್ರೆಗಳ ಬುಟ್ಟಿ ಅವಳ ತೊಡೆಯ ಮೇಲೆ. ಅರ್ಧ ದಾರಿಗೆ ಹಿಂದಿನಿಂದ ನಿಟ್ಟುಸಿರು ಕೇಳಿಸತೊಡಗಿತು.

"ಶೀವಾ, ಮುಂದೆ ಬರ್ತೀಯೇನೇ?" ಎಂದು ಕೇಳಿದೆ.

"ಅಯ್ಯೋ ಬೇಡ ಮಾಮಾನ್, ನಂಗೆ ಹಿಂದೇನೇ ಆರಾಮ" ಅಂದಳು.

ಸರಿ ಎಂದು ಕಾಲು ಚಾಚಿಕೊಂಡೆ. ಮನೆ ಬರುವವರೆಗೂ ಒಳ್ಳೆಯ ನಿದ್ದೆ ಬಂತು.